ವೇಗದ ಲೆಕ್ಕ: ಬಾಯಿಪಾಠವೋ, ಅರಿವೋ?

ಕೆಲವು ತಿಂಗಳ ಹಿಂದೆ ಭೌತಶಾಸ್ತ್ರದ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದಾಗ ಒಂದು ಉತ್ತರ ನನ್ನ ಕೈಯನ್ನು ತಡೆದು ನಿಲ್ಲಿಸಿತು. ಗಂಟೆಗೆ 36 ಕಿಲೋಮೀಟರ್ ವೇಗದಿಂದ ಹೋಗುವ ಬಸ್ಸು ಒಂದು ಸೆಕೆಂಡಿನಲ್ಲಿ ಎಷ್ಟು ಮೀಟರ್ ಸಾಗುವುದೆಂಬುದು ಪ್ರಶ್ನೆ. ವಿದ್ಯಾರ್ಥಿ ಬರೆದಿದ್ದ ಉತ್ತರ 129.6 ಮೀಟರ್. ಗುಣಾಕಾರದಲ್ಲಿ ಲವಲೇಶವೂ ತಪ್ಪಿರಲಿಲ್ಲ. ದಶಮಾಂಶ ಬಿಂದುವೂ ತನ್ನ ಸ್ಥಾನದಲ್ಲಿಯೇ ಇದ್ದಿತು. ಆದರೆ ಈ ಉತ್ತರ ನಿಜವಾಗಬೇಕಾದರೆ ಆ ಬಸ್ಸು ಗಂಟೆಗೆ 466 ಕಿಲೋಮೀಟರಿಗೂ ಮಿಗಿಲಾದ ವೇಗದಿಂದ ಧಾವಿಸಬೇಕು! ಅವನು 5/18ರಿಂದ ಗುಣಿಸುವ ಬದಲು 18/5ರಿಂದ ಗುಣಿಸಿದ್ದನು, ಅಷ್ಟೆ.

ಈ ತಪ್ಪಿನ ಹೊಣೆಯನ್ನೆಲ್ಲ ಆ ವಿದ್ಯಾರ್ಥಿಯ ತಲೆಗೆ ಕಟ್ಟುವುದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ. ಅಧ್ಯಾಪಕರಾದ ನಾವೇ ಅವನಿಗೆ ‘ಹದಿನೆಂಟರಲ್ಲಿ ಐದು ಭಾಗ’ ಎಂಬ ಮಂತ್ರವನ್ನು ಉಪದೇಶಿಸಿ, ಅರ್ಥವನ್ನು ಹೇಳದೆ ಬಿಟ್ಟಿದ್ದೇವೆ. ಅರ್ಥವರಿಯದ ಮಂತ್ರ ತಿರುವುಮುರುವಾದರೆ ಅದನ್ನು ಪಠಿಸುವವನಿಗೆ ಅದು ಗೊತ್ತಾಗುವುದಾದರೂ ಹೇಗೆ?

ಅರ್ಥವೇನೂ ಗಹನವಾದುದಲ್ಲ. ಒಂದು ಕಿಲೋಮೀಟರಿಗೆ 1000 ಮೀಟರ್. ಒಂದು ಗಂಟೆಗೆ 3600 ಸೆಕೆಂಡು. ಕಿಲೋಮೀಟರನ್ನು ಬಿಟ್ಟು ಮೀಟರಿನಿಂದ ಅಳೆದರೆ ಸಂಖ್ಯೆ ಸಾವಿರ ಪಟ್ಟು ಹಿಗ್ಗುತ್ತದೆ. ಗಂಟೆಯನ್ನು ಬಿಟ್ಟು ಸೆಕೆಂಡಿನಲ್ಲಿ ಸಾಗುವ ದೂರವನ್ನು ಕೇಳಿದರೆ ಸಂಖ್ಯೆ 3600 ಪಟ್ಟು ಕುಗ್ಗುತ್ತದೆ. ಹಿಗ್ಗಿದ್ದಕ್ಕಿಂತ ಕುಗ್ಗಿದ್ದೇ 3.6 ಪಟ್ಟು ಹೆಚ್ಚು. ಆದುದರಿಂದ ಗಂಟೆಯ ಕಿಲೋಮೀಟರುಗಳನ್ನು 3.6ರಿಂದ ಭಾಗಿಸಿದರೆ ಸೆಕೆಂಡಿನ ಮೀಟರುಗಳು ದೊರೆಯುತ್ತವೆ. 36 ಎಂಬುದು 10 ಆಗುತ್ತದೆ. 5/18 ಎಂಬ ಭಿನ್ನರಾಶಿ 1000/3600ರ ಸಂಕ್ಷಿಪ್ತ ರೂಪವೇ ಹೊರತು ಬೇರೆ ಯಾವ ರಹಸ್ಯವೂ ಅದರಲ್ಲಿಲ್ಲ. ಇಷ್ಟನ್ನು ಅರಿತವನು ಸೂತ್ರವನ್ನು ಮರೆತರೂ ದಾರಿ ತಪ್ಪುವುದಿಲ್ಲ.

ಹತ್ತು, ನೂರು, ಸಾವಿರಗಳಿಂದಲೇ ನಡೆಯುವ ಮೆಟ್ರಿಕ್ ಪದ್ಧತಿಯಲ್ಲಿ ಈ 3.6 ಎಲ್ಲಿಂದ ನುಸುಳಿತೆಂದು ಯಾರಾದರೂ ಕೇಳಬಹುದು. ಅದಕ್ಕೊಂದು ಸ್ವಾರಸ್ಯವಾದ ಚರಿತ್ರೆಯಿದೆ. ದೂರವನ್ನು ದಶಮಾಂಶಕ್ಕೆ ಒಳಪಡಿಸಿದ ನಾವು ಕಾಲವನ್ನು ಮಾತ್ರ ಹಾಗೆಯೇ ಬಿಟ್ಟೆವು. ಅರವತ್ತರ ಎಣಿಕೆ ಪ್ರಾಚೀನ ಬ್ಯಾಬಿಲೋನಿಯದಿಂದ ಬಂದದ್ದು. ಮಹಾಕ್ರಾಂತಿಯ ಕಾಲದ ಫ್ರಾನ್ಸು ಅದನ್ನೂ ಬದಲಿಸಲು ಹೊರಟಿತು. 1793ರಲ್ಲಿ ಅಲ್ಲಿ ದಿನಕ್ಕೆ 10 ಗಂಟೆ, ಗಂಟೆಗೆ 100 ನಿಮಿಷ, ನಿಮಿಷಕ್ಕೆ 100 ಸೆಕೆಂಡು ಎಂದು ವಿಧಿಸಿದರು. ಜನ ಅದಕ್ಕೆ ಒಗ್ಗಲಿಲ್ಲ. ಮೀಟರು, ಗ್ರಾಮುಗಳನ್ನು ನಿಗದಿಮಾಡಿದ 1795ರ ಶಾಸನವೇ ದಶಮಾಂಶ ಕಾಲದ ಕಡ್ಡಾಯವನ್ನು ತಡೆಹಿಡಿಯಿತು. ಆ ಗಂಟೆ ಉಳಿದಿದ್ದರೆ ಅದಕ್ಕೆ 10,000 ಸೆಕೆಂಡುಗಳಿರುತ್ತಿದ್ದುವು. ಬಿಂದುವನ್ನು ಒಂದು ಸ್ಥಾನ ಸರಿಸಿದರೆ ನಮ್ಮ ಲೆಕ್ಕ ಮುಗಿಯುತ್ತಿತ್ತು! ನಮ್ಮ ದೇಶವೂ 1956ರ ಶಾಸನದಿಂದ ಮೆಟ್ರಿಕ್ ಪದ್ಧತಿಯನ್ನು ಸ್ವೀಕರಿಸಿ ಸೇರು, ಗಜ, ಮೈಲಿಗಳನ್ನು ಬೀಳ್ಕೊಟ್ಟಿತು, ಗಡಿಯಾರವನ್ನು ಮುಟ್ಟಲಿಲ್ಲ. ಹೀಗೆ 3.6 ಎಂಬುದು ಅರ್ಧಕ್ಕೆ ನಿಂತ ಒಂದು ಸುಧಾರಣೆಯ ಕುರುಹು.

“ಇದೆಲ್ಲ ಏತಕ್ಕೆ? ಕೈಯಲ್ಲಿರುವ ಫೋನು ಕ್ಷಣದಲ್ಲಿ ಉತ್ತರ ಕೊಡುವುದಲ್ಲ!” ಎನ್ನುವವರಿದ್ದಾರೆ. ಪರೀಕ್ಷೆಯ ಅವಸರದಲ್ಲಿ ಸೂತ್ರದ ಬಾಯಿಪಾಠದಿಂದ ಸಮಯ ಉಳಿಯುವುದೆಂಬುದೂ ನಿಜ. ಆದರೆ ಈ ಲೆಕ್ಕದ ನಿಜವಾದ ಪರೀಕ್ಷೆ ನಡೆಯುವುದು ರಸ್ತೆಯಲ್ಲಿ. ಊರಿಂದೂರಿಗೆ ಹೋಗುವವನಿಗೆ ಗಂಟೆಯ ಕಿಲೋಮೀಟರು ಬೇಕು. ಅಪಾಯ ಮಾತ್ರ ಸೆಕೆಂಡಿನಲ್ಲಿ, ಮೀಟರಿನಲ್ಲಿ ಬರುತ್ತದೆ. ವೇಗಮಾಪಕದ ಮುಳ್ಳು 72ನ್ನು ತೋರಿಸುವಾಗ ವಾಹನ ಸೆಕೆಂಡಿಗೆ 20 ಮೀಟರ್ ಸಾಗುತ್ತಿರುತ್ತದೆ. ಸವಾರನು ಎರಡೇ ಸೆಕೆಂಡು ಫೋನಿನ ಕಡೆಗೆ ಕಣ್ಣು ಹಾಯಿಸಿದರೆ 40 ಮೀಟರ್ ದಾರಿಯನ್ನು ಕುರುಡನಂತೆ ಕ್ರಮಿಸಿರುತ್ತಾನೆ.

ಇನ್ನೂ ಸ್ವಲ್ಪ ಮುಂದುವರಿಯೋಣ. ರಸ್ತೆಗೆ ಒಂದು ಮಗು ಅಡ್ಡ ಬಂದಿತೆನ್ನಿ. ಸವಾರನು ಕಂಡು ಬ್ರೇಕು ಒತ್ತಲು ಒಂದು ಸೆಕೆಂಡು ಹಿಡಿಯುವುದೆಂದೂ, ಅನಂತರ ಪ್ರತಿಯೊಂದು ಸೆಕೆಂಡು ಕಳೆದಂತೆ ಅವನ ವೇಗ ಸೆಕೆಂಡಿಗೆ 5 ಮೀಟರಿನಷ್ಟು ಇಳಿಯುವುದೆಂದೂ ಭಾವಿಸೋಣ. ಸೆಕೆಂಡಿಗೆ 10 ಮೀಟರ್ ವೇಗದವನು ಬ್ರೇಕಿಗೆ ಮೊದಲು 10 ಮೀಟರ್, ಬ್ರೇಕಿನ ಎರಡು ಸೆಕೆಂಡುಗಳಲ್ಲಿ 10 ಮೀಟರ್, ಒಟ್ಟು 20 ಮೀಟರಿನಲ್ಲಿ ನಿಲ್ಲುತ್ತಾನೆ. 20 ಮೀಟರ್ ವೇಗದವನಿಗೆ ಮೊದಲು 20, ಬ್ರೇಕಿನ ನಾಲ್ಕು ಸೆಕೆಂಡುಗಳಲ್ಲಿ 40, ಒಟ್ಟು 60 ಮೀಟರ್ ಬೇಕು. ವೇಗ ಇಮ್ಮಡಿಯಾದರೆ ನಿಲ್ಲಲು ಬೇಕಾದ ದೂರ ಮುಮ್ಮಡಿಯಾಯಿತು. 36, 72 ಎಂಬ ಅಂಕಿಗಳನ್ನು ನೋಡಿದರೆ ಈ ಸತ್ಯ ಕಾಣುವುದಿಲ್ಲ. ಸೆಕೆಂಡು ಮೀಟರುಗಳಿಗೆ ಇಳಿಸಿದಾಗ ಕಣ್ಣಿಗೆ ಕಟ್ಟುತ್ತದೆ.

ಆದುದರಿಂದ ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ವಿಜ್ಞಾಪನೆ: ಸೂತ್ರವನ್ನು ಹೇಳಿಕೊಡುವ ಮೊದಲು ಮಕ್ಕಳನ್ನು ಶಾಲೆಯ ಬಯಲಿಗೆ ಕರೆದೊಯ್ದು, 20 ಮೀಟರ್ ಅಳೆದು, ಆ ತುದಿಯಲ್ಲೊಬ್ಬನನ್ನು ನಿಲ್ಲಿಸಿ ತೋರಿಸಿರಿ. ವಿದ್ಯಾರ್ಥಿಗಳಿಗೂ ಒಂದು ಮಾತು: ಉತ್ತರ ಬಂದೊಡನೆ ಅದರ ಕೆಳಗೆ ಗೆರೆ ಎಳೆಯದೆ, ಇಂಥ ವೇಗ ಲೋಕದಲ್ಲಿ ಸಾಧ್ಯವೇ ಎಂದು ಒಮ್ಮೆ ಕೇಳಿಕೊಳ್ಳಿರಿ. ಆ ವಿದ್ಯಾರ್ಥಿಯೂ ಹಾಗೆ ಕೇಳಿಕೊಂಡಿದ್ದರೆ ತನ್ನ ಬಸ್ಸನ್ನು ತಾನೇ ತಡೆದು ನಿಲ್ಲಿಸುತ್ತಿದ್ದನು.