ಮತಗಟ್ಟೆಗೆ ಎಷ್ಟು ದೂರ?

ಚುನಾವಣೆಯ ದಿನ ಊರಿನ ಶಾಲೆಯ ಮುಖವೇ ಬದಲಾಗುತ್ತದೆ. ಮಕ್ಕಳು ಮಗ್ಗಿ ಒಪ್ಪಿಸುವ ಕೋಣೆಯ ಬಾಗಿಲಿಗೆ ಸಂಖ್ಯೆ ಬರೆದ ಚೀಟಿಯೊಂದು ಅಂಟಿಕೊಂಡಿರುತ್ತದೆ. ಅಂಗಳದಲ್ಲಿ ಸುಣ್ಣದ ಗೆರೆಗಳು ಮೂಡಿರುತ್ತವೆ. ಕೋಣೆಯ ಮೂಲೆಯಲ್ಲಿ ರಟ್ಟಿನ ಮರೆಯೊಂದು ನಿಂತಿರುತ್ತದೆ. ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಮಾದನಹಿಪ್ಪರಗಾದಲ್ಲಿಯೂ ಅದರ ಸುತ್ತಣ ಹಳ್ಳಿಗಳಲ್ಲಿಯೂ ಇದು ಇಂದು ಎಲ್ಲರಿಗೂ ಪರಿಚಿತವಾದ ನೋಟ. ಹೊಲಕ್ಕೆ ಹೋಗುವ ಮುನ್ನ ಮತ ನೀಡಿ ಹೋಗುವವರುಂಟು. ರೊಟ್ಟಿಯ ಬುತ್ತಿಯನ್ನು ಕಂಕುಳಲ್ಲಿಟ್ಟುಕೊಂಡೇ ಸಾಲಿನಲ್ಲಿ ನಿಲ್ಲುವವರುಂಟು. ಯಾರಿಗೆ ಮತ ನೀಡಬೇಕೆಂಬ ಬಗೆಗೆ ಕಟ್ಟೆಯ ಮೇಲೆ ವಾರಗಟ್ಟಲೆ ಚರ್ಚೆ ನಡೆದಿರುತ್ತದೆ. ಎಲ್ಲಿ ನೀಡಬೇಕೆಂಬ ಬಗೆಗೆ ಒಬ್ಬರೂ ಮಾತನಾಡಿರುವುದಿಲ್ಲ. ಆ ಕೋಣೆಯನ್ನು ಯಾರು ಗೊತ್ತುಮಾಡಿದರು, ಅದೇ ಕೋಣೆ ಏಕೆ, ನಾಳೆ ಅದನ್ನು ನೆರೆಯೂರಿಗೆ ಒಯ್ದರೆ ಕೇಳುವವರಾರು ಎಂಬ ಪ್ರಶ್ನೆಗಳು ಯಾರ ಮನಸ್ಸಿಗೂ ಬಾರವು. ಆದರೆ ಮತದ ಹಕ್ಕಿನ ಚರಿತ್ರೆಯಲ್ಲಿ ಈ ಪ್ರಶ್ನೆಗಳು ಸಣ್ಣವಲ್ಲ.

ಬ್ರಿಟಿಷರ ಕಾಲದಲ್ಲಿ ಮಾದನಹಿಪ್ಪರಗಾದ ರೈತನಿಗೆ ಈ ಚಿಂತೆಯೇ ಇರಲಿಲ್ಲ; ಏಕೆಂದರೆ ಅವನಿಗೆ ಮತವೇ ಇರಲಿಲ್ಲ. ಆಳಂದ, ಅಫಜಲಪುರ, ಜೇವರ್ಗಿಗಳ ಸೀಮೆಯೆಲ್ಲ ಆಗ ಹೈದರಾಬಾದಿನ ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿ 1893ರಲ್ಲಿಯೇ ಶಾಸನಸಭೆಯೊಂದು ಏರ್ಪಟ್ಟಿತ್ತಾದರೂ ಅದರ ಸದಸ್ಯರಲ್ಲಿ ಬಹುಪಾಲು ಜನ ಪ್ರಭುವಿನಿಂದ ನೇಮಕಗೊಂಡವರು. 1939ರಲ್ಲಿ ಪ್ರಕಟವಾದ ಸುಧಾರಣೆಗಳು ವೃತ್ತಿ ಮತ್ತು ಹಿತಾಸಕ್ತಿಗಳ ಆಧಾರದ ಮೇಲೆ ಪ್ರಾತಿನಿಧ್ಯವನ್ನು ಸೂಚಿಸಿದವೇ ಹೊರತು ಸಾಮಾನ್ಯ ಪ್ರಜೆಯ ಕೈಗೆ ಮತವನ್ನು ಕೊಡಲಿಲ್ಲ. ಭೀಮಾನದಿಯ ಈಚೆ ದಡದ ಅಫಜಲಪುರದವನು ಪ್ರಜೆ ಮಾತ್ರ. ಆಚೆ ದಡದ ಇಂಡಿ, ಸಿಂದಗಿಗಳು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿದ್ದುದರಿಂದ ಅಲ್ಲಿನ ಕೆಲವರಾದರೂ ಮತದಾರರು. ಒಂದೇ ನೀರನ್ನು ಕುಡಿದು, ಒಂದೇ ಬಗೆಯ ಎರೆಹೊಲದಲ್ಲಿ ಒಂದೇ ಬಿಳಿಜೋಳವನ್ನು ಬೆಳೆದು, ಒಂದೇ ಮಾತನ್ನು ಆಡುವ ಎರಡು ದಡಗಳ ನಡುವೆ ಈ ಅಂತರವಿತ್ತು.

ಆಚೆ ದಡದವರ ಭಾಗ್ಯವಾದರೂ ಎಂಥದು? 1919ರ ಭಾರತ ಸರ್ಕಾರದ ಕಾಯಿದೆಯಂತೆ 1920ರಲ್ಲಿ ಚುನಾವಣೆಗಳು ನಡೆದಾಗ, ಸುಮಾರು 24 ಕೋಟಿ ಜನರಿದ್ದ ಬ್ರಿಟಿಷ್ ಭಾರತದಲ್ಲಿ ಪ್ರಾಂತೀಯ ಸಭೆಗಳಿಗೆ ಮತ ನೀಡಬಲ್ಲವರು ಸುಮಾರು 50 ಲಕ್ಷ ಮಂದಿ. ಮುಂಬಯಿ ಪ್ರಾಂತದ ಬಹುಪಾಲು ಹಳ್ಳಿಗಾಡಿನಲ್ಲಿ 32 ರೂಪಾಯಿ ಕಂದಾಯದ ಭೂಮಿಯುಳ್ಳವನಿಗೆ ಮಾತ್ರ ಆ ಯೋಗ್ಯತೆ. ಹತ್ತು ಹಳ್ಳಿಗಳನ್ನು ಜಾಲಾಡಿದರೂ ಮತದಾರರು ಬೆರಳೆಣಿಕೆಯಷ್ಟು. ಇಷ್ಟು ಚದುರಿದ ಜನಕ್ಕಾಗಿ ಊರೂರಿಗೆ ಮತಗಟ್ಟೆಯನ್ನು ಇಡುವವರಾರು? ಮತದಾನದ ಸ್ಥಳವನ್ನು ಗೊತ್ತುಮಾಡುವ ಅಧಿಕಾರ ಸರ್ಕಾರದ ಅಧಿಕಾರಿಗಳದು. ಕಚೇರಿಯೂ ಖಜಾನೆಯೂ ಪೊಲೀಸರೂ ಇರುವ ಊರು ಅವರಿಗೆ ಸುಲಭ. ಮತದಾರನಿಗೆ ಅದು ಎಷ್ಟು ಹರದಾರಿ ಎಂಬುದು ಎರಡನೆಯ ಮಾತು.

ದೂರವೆಂಬುದು ನೆಲದ ಅಳತೆ ಮಾತ್ರವೆಂದು ತಿಳಿದರೆ ತಪ್ಪಾದೀತು. 1937ರ ಚುನಾವಣೆಯನ್ನೇ ನೆನೆಯಬಹುದು. ಅದು ನಡೆದುದು ಮಾಗಿಯ ಕೊನೆಗೆ, ಜೋಳದ ಸುಗ್ಗಿ ಸಮೀಪಿಸುತ್ತಿದ್ದ ದಿನಗಳಲ್ಲಿ. ತೆನೆ ಬಲಿತ ಹೊಲವನ್ನು ಬಿಟ್ಟು, ಚಕ್ಕಡಿ ಹೂಡಿಕೊಂಡು, ಒಂದು ಹಗಲನ್ನು ಕಳೆದು ಪರಸ್ಥಳಕ್ಕೆ ಹೋಗಿಬರುವುದು ಎತ್ತುಗಳಿದ್ದವನಿಗೇ ಕಷ್ಟ. ಎತ್ತಿಲ್ಲದವನು ಇನ್ನೊಬ್ಬರ ಬಂಡಿಯನ್ನು ಏರಬೇಕು. ಬಂಡಿ ಯಾರದು? ದಾರಿಯ ಊಟ ಯಾರದು? ಯಾರು ಬಂಡಿ ಕಳುಹಿಸಿದರೋ ಅವರ ಉಪ್ಪನ್ನು ಉಂಡ ಭಾವ ಅವನ ಬೆನ್ನೇರುತ್ತದೆ. ಮತಗಟ್ಟೆ ದೂರವಾದಷ್ಟೂ ಮತ ಸಿರಿವಂತನ ಬಂಡಿಗೆ ಹತ್ತಿರವಾಗುತ್ತದೆ. ಸ್ವತಂತ್ರ ಭಾರತದ 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯು ಮತದಾರರನ್ನು ಬಾಡಿಗೆಯ ವಾಹನಗಳಲ್ಲಿ ಪುಕ್ಕಟೆಯಾಗಿ ಮತಗಟ್ಟೆಗೆ ಕರೆತರುವುದನ್ನು ಭ್ರಷ್ಟ ಆಚರಣೆಯೆಂದು ಎಣಿಸಿರುವುದರ ಹಿನ್ನೆಲೆಯಲ್ಲಿ ಈ ತಿಳಿವಳಿಕೆಯಿದೆ. ಇನ್ನು ಹೆಣ್ಣುಮಕ್ಕಳ ಪಾಡನ್ನು ಹೇಳಲೇಬೇಕಾಗಿಲ್ಲ. ಮುಂಬಯಿ ಪ್ರಾಂತದ ಸ್ತ್ರೀಯರಿಗೆ 1921ರಲ್ಲಿ ಮತದ ಹಕ್ಕೇನೋ ದೊರೆಯಿತು. ಆದರೆ ಮನೆಯ ಒಲೆ, ತೊಟ್ಟಿಲು, ಹಟ್ಟಿಗಳನ್ನು ಬಿಟ್ಟು ಹೊತ್ತು ಮುಳುಗುವವರೆಗೆ ದೂರದ ಊರಿಗೆ ಹೋಗಿಬರುವ ಬಿಡುವು ಎಷ್ಟು ಮಂದಿಗೆ ಇತ್ತು? ಕಾಯಿದೆ ಕೊಟ್ಟುದನ್ನು ದಾರಿ ಕಸಿದುಕೊಂಡಿತು.

ಈ ವ್ಯವಸ್ಥೆಯ ಹಿಂದಿದ್ದ ತರ್ಕವನ್ನು ಅರಿಯಲು 1932ರತ್ತ ನೋಡಬೇಕು. ಆ ವರ್ಷ ಲಾರ್ಡ್ ಲೋಥಿಯನ್ ಅವರ ಅಧ್ಯಕ್ಷತೆಯಲ್ಲಿ ಮತಾಧಿಕಾರ ಸಮಿತಿಯೊಂದು ಭಾರತದಲ್ಲಿ ಸಂಚರಿಸಿ, ಯಾರಿಗೆ ಮತ ಕೊಡಬಹುದೆಂದು ವಿಚಾರಿಸಿತು. ವಯಸ್ಕರೆಲ್ಲರಿಗೂ ಮತ ಕೊಡುವುದು ಆಗದ ಮಾತೆಂದು ಸಮಿತಿ ತೀರ್ಮಾನಿಸಿತು. ಅದು ಮುಂದಿಟ್ಟ ಕಾರಣಗಳಲ್ಲಿ ಆಡಳಿತದ ಅಡಚಣೆಯೂ ಒಂದು: ಮತಗಟ್ಟೆಗಳನ್ನು ನಡೆಸಬಲ್ಲ ಅಧಿಕಾರಿಗಳೂ ಕಾವಲಿನ ಪೊಲೀಸರೂ ಅಷ್ಟು ಮಂದಿ ಇಲ್ಲವೆಂದು. ಮೇಲುನೋಟಕ್ಕೆ ಇದು ವಿವೇಕದ ಮಾತಿನಂತೆಯೇ ತೋರುತ್ತದೆ. ಸಮಿತಿಗೆ ನ್ಯಾಯ ಸಲ್ಲಿಸುವುದಾದರೆ, ಅದು ಮತದಾರರ ಸಂಖ್ಯೆಯನ್ನು ಹಲವು ಪಟ್ಟು ಹೆಚ್ಚಿಸಲು ಶಿಫಾರಸು ಮಾಡಿತೆಂಬುದನ್ನೂ ಹೇಳಬೇಕು. 1937ರ ಹೊತ್ತಿಗೆ ಮತದಾರರು ಸುಮಾರು 3 ಕೋಟಿ ಆದರು. ಆದರೂ ಆ ತರ್ಕದಲ್ಲಿ ತಲೆಕೆಳಗಾದುದೊಂದಿದೆ. ಪಂಕ್ತಿಯಲ್ಲಿ ಎಲೆ ಸಾಲವೆಂದು ಹಸಿದವರನ್ನು ಎಬ್ಬಿಸಿ ಕಳುಹಿಸುವ ಯಜಮಾನನನ್ನು ಯಾರೂ ಮೆಚ್ಚುವುದಿಲ್ಲ. ಇನ್ನಷ್ಟು ಎಲೆ ಕೊಯ್ದು ತರಬೇಕಾದುದು ಅವನ ಕೆಲಸ. ಪರಕೀಯ ಸರ್ಕಾರವು ಮತಗಟ್ಟೆಗಳಿಗೆ ತಕ್ಕಷ್ಟು ಮತದಾರರನ್ನು ಹುಡುಕಿತು. ಮತದಾರರಿಗೆ ತಕ್ಕಷ್ಟು ಮತಗಟ್ಟೆಗಳನ್ನು ಕಟ್ಟುವ ಹೊಣೆ ತನ್ನದೆಂದು ಅದಕ್ಕೆ ತೋರಲಿಲ್ಲ.

ಸ್ಥಳದ ಪ್ರಶ್ನೆ ಭಾರತಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಆಳುವವರ ನಾಡಾದ ಇಂಗ್ಲೆಂಡಿನಲ್ಲಿಯೇ 1832ರ ಸುಧಾರಣೆಗೆ ಮುನ್ನ ಯಾರ್ಕ್‌ಷೈರಿನಂಥ ವಿಶಾಲವಾದ ಜಿಲ್ಲೆಗೆಲ್ಲ ಯಾರ್ಕ್ ಪಟ್ಟಣವೊಂದೇ ಮತದಾನದ ಸ್ಥಳವಾಗಿತ್ತು. 1807ರಲ್ಲಿ ಅಲ್ಲಿ ಮತದಾನ ಹದಿನೈದು ದಿನ ನಡೆಯಿತು; ದೂರದೂರುಗಳಿಂದ ಮತದಾರರನ್ನು ಕರೆತಂದು ಉಣಿಸಿ ಇರಿಸಿಕೊಳ್ಳುವುದರಲ್ಲಿ ಅಭ್ಯರ್ಥಿಗಳ ಹಣ ನೀರಿನಂತೆ ಹರಿಯಿತು.

ಗೊತ್ತಾದ ಸ್ಥಳವನ್ನು ಬದಲಾಯಿಸಿದರೆ ಏನಾದೀತೆಂಬುದಕ್ಕೆ ಅಮೆರಿಕದ ದಕ್ಷಿಣ ಕ್ಯಾರೊಲೈನಾದ ವೃತ್ತಾಂತ ಇನ್ನೂ ಸ್ವಾರಸ್ಯವಾದದ್ದು. ಅದು ಆಗ ಲಂಡನ್ನಿನಲ್ಲಿದ್ದ ಕೆಲವು ಒಡೆಯರ ವಸಾಹತು. ಸಭೆಗೆ ಪ್ರತಿನಿಧಿಗಳನ್ನು ಆರಿಸಬೇಕಾದರೆ ಕಡಲ ತೀರದ ಚಾರ್ಲ್ಸ್‌ಟನ್ ಪಟ್ಟಣಕ್ಕೇ ಬರಬೇಕಾಗಿತ್ತು. 1716ರಲ್ಲಿ ಅಲ್ಲಿನ ಸಭೆಯು ಆಯಾ ಸೀಮೆಯ ಇಗರ್ಜಿಯ ವಲಯಗಳಲ್ಲಿಯೇ ಮತದಾನ ನಡೆಯಬೇಕೆಂದು ಕಾನೂನು ಮಾಡಿತು. ಕಡಲಾಚೆಯ ಒಡೆಯರು ಆ ಕಾನೂನನ್ನು ರದ್ದುಪಡಿಸಿ, ಮತದಾನವನ್ನು ಮತ್ತೆ ಪಟ್ಟಣಕ್ಕೆ ಎಳೆದರು. ಹತ್ತಿರ ಬಂದುದನ್ನು ದೂರ ಒಯ್ದದ್ದು ಜನರಿಗೆ ಸಹನೆಯಾಗಲಿಲ್ಲ. ಬೇರೆ ಅಸಮಾಧಾನಗಳೂ ಇದರೊಡನೆ ಕೂಡಿಕೊಂಡು 1719ರಲ್ಲಿ ಅವರು ಒಡೆಯರ ಆಡಳಿತವನ್ನೇ ಕಿತ್ತೊಗೆದರು. 1721ರಲ್ಲಿ ಮತದಾನ ಮರಳಿ ಊರುಗಳಿಗೆ ಬಂದಿತು. ಹೀಗೆ ಸೆಣಸಿದವರು ಭೂಮಿಯುಳ್ಳ ಬಿಳಿಯರು. ಅದೇ ನೆಲದಲ್ಲಿ ದುಡಿಯುತ್ತಿದ್ದ ಗುಲಾಮರಿಗೆ ಯಾವ ಸ್ಥಳದಲ್ಲಿಯೂ ಮತವಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಆದರೂ ಮತಗಟ್ಟೆಯ ಸ್ಥಳ ಕೇವಲ ಗುಮಾಸ್ತರ ವಿಷಯವೆಂದು ಅವರು ಭಾವಿಸಲಿಲ್ಲವೆಂಬುದು ಗಮನಾರ್ಹ.

ಮಾದನಹಿಪ್ಪರಗಾದ ಸೀಮೆಗೆ ಆ ದಿನ ಬರಲು ಬಹಳ ಕಾಲ ಕಾಯಬೇಕಾಯಿತು. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಕೊನೆಗೊಂಡಿತು. 1951–52ರ ಪ್ರಥಮ ಮಹಾಚುನಾವಣೆಯಲ್ಲಿ ಭೀಮೆಯ ಎರಡು ದಡಗಳೂ ಮೊದಲ ಬಾರಿಗೆ ಸಮನಾದವು. 32 ರೂಪಾಯಿ ಕಂದಾಯದವನೂ ಕಾಸಿನ ಕಂದಾಯವಿಲ್ಲದವನೂ, ಗೌಡನೂ ಅವನ ಹೊಲದ ಆಳೂ ಒಂದೇ ಸಾಲಿನಲ್ಲಿ ನಿಂತರು. ಗುಲ್ಬರ್ಗಾ ಲೋಕಸಭಾ ಕ್ಷೇತ್ರದಿಂದ ಆರಿಸಿ ಬಂದವರು ಹೈದರಾಬಾದು ವಿಮೋಚನೆಯ ಹೋರಾಟವನ್ನು ಮುನ್ನಡೆಸಿದ ಸ್ವಾಮಿ ರಮಾನಂದ ತೀರ್ಥರು.

ಆಗ ದೇಶದ ಮತದಾರರ ಸಂಖ್ಯೆ 17 ಕೋಟಿಗಿಂತ ಅಧಿಕ; ಅವರಲ್ಲಿ ಹೆಚ್ಚಿನವರು ಅಕ್ಷರವನ್ನು ಅರಿಯದವರು. ಅಧಿಕಾರಿಗಳು ಸಾಲರೆಂಬ ಹಳೆಯ ನೆಪ ಆಗಲೂ ಇದ್ದೇ ಇತ್ತು. ಆದರೆ ಮೊದಲ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ ಸೇನರು ಲೆಕ್ಕವನ್ನು ಇನ್ನೊಂದು ತುದಿಯಿಂದ ಹಾಕಿದರು. ಮತದಾರರು ಇಷ್ಟು ಮಂದಿ. ಹಾಗಾದರೆ ಮತಗಟ್ಟೆಗಳು ಎಷ್ಟು ಬೇಕು? ಹೀಗೆ 1,96,084 ಮತಗಟ್ಟೆಗಳು ಸಿದ್ಧವಾದವು. ಅವುಗಳಲ್ಲಿ 27,527 ಸ್ತ್ರೀಯರಿಗಾಗಿಯೇ ಮೀಸಲು. ಹಿಮಾಚಲದ ಚೀನಿ ಎಂಬ ಬೆಟ್ಟದ ಸೀಮೆಯಲ್ಲಿ ಹಿಮ ಬಿದ್ದು ದಾರಿ ಮುಚ್ಚುವುದೆಂದು, ದೇಶದ ಉಳಿದ ಭಾಗಗಳಿಗಿಂತ ಮೊದಲೇ, 1951ರ ಅಕ್ಟೋಬರ್ 25ರಂದು ಮತದಾನವನ್ನು ಆರಂಭಿಸಿದರು. ಹಿಂದೆ ಆಡಳಿತದ ಅನುಕೂಲಕ್ಕೆ ಜನರು ಬಾಗಬೇಕಾಗಿತ್ತು. ಇಲ್ಲಿ ಜನರ ಅನುಕೂಲಕ್ಕೆ ಪಂಚಾಂಗವೇ ಬಾಗಿತು. ಸಂವಿಧಾನದ ಹಿರಿಮೆಯನ್ನು ಹೇಳುವವರು ಅದರ ವಿಧಿಗಳನ್ನು ಉದಾಹರಿಸುತ್ತಾರೆ. ಅದು ತಕ್ಕುದೇ. ಆದರೆ ಆ ವಿಧಿಗಳು ಹಳ್ಳಿಯ ಶಾಲೆಯ ಕೋಣೆಯವರೆಗೆ ನಡೆದು ಬಂದುದು ಈ ಲೆಕ್ಕದ ಕಾಲುಗಳ ಮೇಲೆ.

ಇಂದಿನ ನಿಯಮಗಳು ಈ ಹಾದಿಯಲ್ಲಿ ಇನ್ನೂ ಮುಂದೆ ಸಾಗಿವೆ. ಯಾವ ಮತದಾರನೂ 2 ಕಿಲೋಮೀಟರಿಗಿಂತ ಹೆಚ್ಚು ದೂರ ನಡೆಯಬೇಕಾಗಬಾರದು ಎಂಬುದು ಸಾಮಾನ್ಯ ನಿಯಮ. ಒಂದು ಮತಗಟ್ಟೆಗೆ ಗರಿಷ್ಠ 1,500 ಇದ್ದ ಮತದಾರರ ಮಿತಿಯನ್ನು 2025ರಲ್ಲಿ 1,200ಕ್ಕೆ ಇಳಿಸಲಾಯಿತು. ಗುಡಿ, ಮಸೀದಿಗಳಲ್ಲಾಗಲಿ ಪೊಲೀಸ್ ಠಾಣೆಯಲ್ಲಾಗಲಿ ಮತಗಟ್ಟೆ ಇರಕೂಡದು. ಗುಜರಾತಿನ ಗಿರ್ ಅರಣ್ಯದ ಬಾಣೇಜ್ ಎಂಬಲ್ಲಿ ಒಬ್ಬನೇ ಮತದಾರನಿಗಾಗಿ ಮತಗಟ್ಟೆಯನ್ನು ತೆರೆದದ್ದೂ ಉಂಟು. ಇದನ್ನು ದುಂದೆಂದು ನಗುವವರಿದ್ದಾರೆ. ಲೋಥಿಯನ್ ಸಮಿತಿಯ ತಕ್ಕಡಿಯನ್ನು ಹಿಡಿದವರಿಗೆ ಅದು ದುಂದೇ ಸರಿ.

ಸ್ಥಳವನ್ನು ಬದಲಾಯಿಸುವ ಕ್ರಮಕ್ಕೂ ಈಗ ಕಟ್ಟುಪಾಡಿದೆ. ಜಿಲ್ಲಾ ಚುನಾವಣಾಧಿಕಾರಿಯು ಮತಗಟ್ಟೆಗಳ ಕರಡು ಪಟ್ಟಿಯನ್ನು ಪ್ರಕಟಿಸಬೇಕು, ಆಕ್ಷೇಪಣೆಗಳನ್ನು ಆಲಿಸಬೇಕು, ಆಯೋಗದ ಒಪ್ಪಿಗೆಯನ್ನು ಪಡೆಯಬೇಕು. ಶಾಲೆಯ ಮಾಳಿಗೆ ಸೋರಬಹುದು, ಊರು ಬೆಳೆದು ಹೊಸ ಬಡಾವಣೆ ಏಳಬಹುದು, ಹಳ್ಳಿಯೇ ಬೇರೆ ಕಡೆಗೆ ಸ್ಥಳಾಂತರವಾಗಬಹುದು. ಆಗ ಬದಲಾವಣೆ ಅನಿವಾರ್ಯ. ದೋಷವಿರುವುದು ಬದಲಾವಣೆಯಲ್ಲಿ ಅಲ್ಲ, ಅದು ಯಾರ ಕಣ್ಣಿಗೂ ಬೀಳದೆ ಆಗುವುದರಲ್ಲಿ. ಕರಡು ಪಟ್ಟಿ ಕಚೇರಿಯ ಗೋಡೆಯ ಮೇಲೆ ತೂಗುತ್ತಿರುತ್ತದೆ, ಓದುವವರಿಲ್ಲ. ಊರಿನ ದಲಿತರ ಓಣಿಯವರು ಹಿಂಜರಿಯುತ್ತ ಹಾಯಬೇಕಾದ ಬೀದಿಯ ತುದಿಯಲ್ಲಿ ಮತಗಟ್ಟೆಯನ್ನು ಗೊತ್ತುಮಾಡಿದರೆ, ಅದು ಅರ್ಧ ಕಿಲೋಮೀಟರಿನೊಳಗಿದ್ದರೂ ದೂರವೇ. ಇದನ್ನು ನಕ್ಷೆ ತೋರಿಸದು. ಆ ಓಣಿಯವರೇ ಹೇಳಬೇಕು, ಹೇಳಿದ್ದನ್ನು ಅಧಿಕಾರಿ ಕೇಳಬೇಕು. ಆಕ್ಷೇಪಣೆಗೆ ಕೊಟ್ಟ ದಿನಗಳಲ್ಲಿ ಸುಮ್ಮನಿದ್ದು, ಮತದಾನದ ದಿನ ಸಾಲಿನಲ್ಲಿ ನಿಂತು ಗೊಣಗುವುದು ನಮ್ಮ ಹಳ್ಳಿಪಟ್ಟಣಗಳ ಹಳೆಯ ಅಭ್ಯಾಸ.

ಇನ್ನೊಂದು ಬಗೆಯ ದೂರ ಇನ್ನೂ ಹಾಗೆಯೇ ಉಳಿದಿದೆ. ಆಳಂದದ ಸೀಮೆಯಿಂದ ಮಳೆ ಕೈಕೊಟ್ಟ ವರ್ಷಗಳಲ್ಲಿ ಕೂಲಿಯನ್ನರಸಿ ಪುಣೆಗೆ, ಮುಂಬಯಿಗೆ ಹೋಗುವ ಸಂಸಾರಗಳುಂಟು. ಅವರ ಮತಗಟ್ಟೆ ಊರ ಶಾಲೆಯಲ್ಲಿಯೇ ಇದೆ, ಅವರ ಮನೆಗೆ ಕೂಗಳತೆಯಲ್ಲಿ. ಮನೆಗೆ ಬೀಗ ಬಿದ್ದಿದೆ. ಎರಡು ದಿನದ ಕೂಲಿಯನ್ನೂ ಬಸ್ಸಿನ ಹಣವನ್ನೂ ಕಳೆದುಕೊಂಡು ಬರಲಾರದವನಿಗೆ ಯಾರಾದರೊಬ್ಬ ಅಭ್ಯರ್ಥಿಯ ಕಡೆಯವರು ಬಸ್ಸು ಕಳುಹಿಸಿದರೆ, ಹಳೆಯ ಚಕ್ಕಡಿಯೇ ಚಕ್ರ ಬದಲಿಸಿಕೊಂಡು ಬಂದಂತಾಯಿತು. ಇದಕ್ಕೆ ತಕ್ಕ ಏರ್ಪಾಡನ್ನು ಮಾಡುವುದು ಸುಲಭವಲ್ಲ. 17 ಕೋಟಿ ಜನರಿಗೆ ಮತಗಟ್ಟೆ ಕಟ್ಟುವುದೂ ಸುಲಭವಾಗಿರಲಿಲ್ಲ.

2023ರ ಮೇ ತಿಂಗಳಲ್ಲಿ ಕರ್ನಾಟಕದ ವಿಧಾನಸಭೆಗೆ ಚುನಾವಣೆ ನಡೆದಾಗ, ಎಂಬತ್ತು ದಾಟಿದ ವೃದ್ಧರಿಗೂ ಅಂಗವಿಕಲರಿಗೂ ಮನೆಯಲ್ಲಿಯೇ ಮತ ನೀಡುವ ಅವಕಾಶವನ್ನು ಕಲ್ಪಿಸಲಾಯಿತು. ಬೇಡಿಕೆ ಸಲ್ಲಿಸಿದವರ ಮನೆಗೆ, ಮತದಾನದ ದಿನಕ್ಕಿಂತ ಮುಂಚೆಯೇ, ಅಧಿಕಾರಿಗಳು ಮತಪತ್ರವನ್ನೂ ಪೆಟ್ಟಿಗೆಯನ್ನೂ ರಟ್ಟಿನ ಮರೆಯನ್ನೂ ಹೊತ್ತು ಹೋದರು. ನಿಜಾಮರ ಕಾಲದಲ್ಲಿ ಹುಟ್ಟಿ, ಹೊಳೆಯಾಚೆ ಕೆಲವರಿಗಷ್ಟೇ ಮತವಿದ್ದ ದಿನಗಳಲ್ಲಿ ಬೆಳೆದ ಮುದುಕಿಯರು ತಮ್ಮ ಪಡಸಾಲೆಯಲ್ಲಿ ಕುಳಿತು, ಮರೆಯ ಹಿಂದೆ ಕೈಯಾಡಿಸಿ, ಮತಪತ್ರವನ್ನು ಮಡಿಸಿಕೊಟ್ಟರು.