ಕಣ್ಣಿಗೂ ಒತ್ತಡ ಇದೆ, ಗೊತ್ತೇ?

ಕಳೆದ ವರ್ಷ ಎಡಗಡೆಯಿಂದ ಬಂದ ಆಟೊ ಕಾಣದೆ ಅಪ್ಪ ಬೈಕಿನಿಂದ ಬಿದ್ದರು. ಪೆಟ್ಟೇನೂ ದೊಡ್ಡದಲ್ಲ. ಆದರೆ ಕಣ್ಣು ಪರೀಕ್ಷಿಸಿದ ವೈದ್ಯರು ಗ್ಲಾಕೋಮಾ ಇದೆ ಎಂದರು. ಕಣ್ಣಿನ ನರಕ್ಕಾದ ಹಾನಿ ಸರಿಹೋಗದು, ಉಳಿದ ದೃಷ್ಟಿಯನ್ನು ಕಾಪಾಡಿಕೊಳ್ಳಬಹುದು ಅಷ್ಟೆ. ಅಪ್ಪನಿಗೆ ಒಂದು ದಿನವೂ ನೋವಿರಲಿಲ್ಲ. ರಕ್ತಸಂಬಂಧಿಗಳಿಗೂ ಬರುವ ಸಾಧ್ಯತೆ ಹೆಚ್ಚು ಎಂದು ವೈದ್ಯರು ನನ್ನನ್ನೂ ಕೂರಿಸಿದರು.

ಹಾಸ್ಟೆಲ್ ಸೇರಿದ ಮೇಲೆ ನನ್ನ ತೂಕ 14 ಕೆ.ಜಿ. ಏರಿದೆ. ಯಂತ್ರಕ್ಕೆ ಗಲ್ಲ ಇಡಲು ಬಾಗಿದಾಗ ಹೊಟ್ಟೆ ಮೇಜಿಗೆ ಒತ್ತುತ್ತಿತ್ತು, ಉಸಿರು ಬಿಗಿಹಿಡಿದಿದ್ದೆ. ಒತ್ತಡ 24 ತೋರಿಸಿತು. 'ಆರಾಮಾಗಿ ಕೂತ್ಕೋ, ಉಸಿರು ಬಿಡು' ಎಂದು ಮತ್ತೆ ಅಳೆದರು. 19 ಬಂತು. ಸಾಮಾನ್ಯವಾಗಿ ಇದು 10ರಿಂದ 21ರೊಳಗೆ ಇರಬೇಕು.

ಎಂಜಿನಿಯರಿಂಗ್ ಓದುವವರಿಗೆ ಇದು ಸುಲಭದ ಲೆಕ್ಕ. ಕಣ್ಣಿನೊಳಗೆ ಸದಾ ದ್ರವ ಒಸರುತ್ತದೆ, ಜಾಲರಿಯಂಥ ದಾರಿಯಲ್ಲಿ ಹರಿದು ಸಿರೆಗಳನ್ನು ಸೇರುತ್ತದೆ. ಸಿರೆಯಲ್ಲೇ ಒತ್ತಡ ಹೆಚ್ಚಿದರೆ ದ್ರವ ಹೊರಹೋಗುವುದು ನಿಧಾನವಾಗುತ್ತದೆ. ಮಲಗಿದಾಗ ಒತ್ತಡ ಕೂತಾಗಿಗಿಂತ ತುಸು ಏರುತ್ತದೆ, ಬೋರಲು ಮಲಗಿದರೆ ಇನ್ನಷ್ಟು. ಶೀರ್ಷಾಸನದಲ್ಲಿ ಸುಮಾರು ಇಮ್ಮಡಿಯಾಗುತ್ತದೆ. ಬೊಜ್ಜು ಇದ್ದವರಲ್ಲಿ ಒತ್ತಡ ಸರಾಸರಿ ಹೆಚ್ಚಿರುವುದನ್ನು ಅಧ್ಯಯನಗಳು ಗುರುತಿಸಿವೆ. ಕಣ್ಣುಗೂಡಿನಲ್ಲಿ ಸೇರುವ ಕೊಬ್ಬು ಸಿರೆಗಳನ್ನು ಒತ್ತುವುದು ಇದಕ್ಕೆ ಕೊಡುವ ಒಂದು ವಿವರಣೆ. ದಪ್ಪಗಿರುವವರಿಗೆಲ್ಲ ಗ್ಲಾಕೋಮಾ ಬರುತ್ತದೆ ಎಂದಲ್ಲ. ಒತ್ತಡ ಸಾಮಾನ್ಯ ಮಟ್ಟದಲ್ಲಿದ್ದವರಿಗೂ ಅದು ಬರುವುದುಂಟು. ಆದ್ದರಿಂದ ನರವನ್ನೂ ನೋಡಿಸಬೇಕು.

ನಾವು ಕಣ್ಣಿನ ಪರೀಕ್ಷೆ ಅಂದುಕೊಂಡಿರುವುದು ಗೋಡೆಯ ಮೇಲಿನ ಅಕ್ಷರ ಓದುವುದನ್ನು. ಅದು ನೇರ ನೋಟವನ್ನಷ್ಟೇ ಅಳೆಯುತ್ತದೆ. ಗ್ಲಾಕೋಮಾ ಸಾಮಾನ್ಯವಾಗಿ ಮೊದಲು ಕಸಿಯುವುದು ಪಕ್ಕದ ನೋಟವನ್ನು. ಅಪ್ಪನೂ ಕೊನೆಯ ಸಾಲಿನವರೆಗೆ ಓದುತ್ತಿದ್ದರು! ಕೆಲಸಕ್ಕೆ ಸೇರುವಾಗಿನ ವೈದ್ಯಕೀಯ ಪರೀಕ್ಷೆಯಲ್ಲಿ 6/6 ಬಂದರೆ ನಿಶ್ಚಿಂತೆ ಎಂದುಕೊಳ್ಳುವ ನಾವು ಇದನ್ನು ತಿಳಿದಿರಬೇಕು.

ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ, ಕನ್ನಡಕದ ನಂಬರ್ ನೋಡಿಸಲು ಹೋದಾಗ 'ಒತ್ತಡ, ನರ ಎರಡನ್ನೂ ನೋಡಿ ಸರ್' ಎಂದು ಕೇಳಿ. ಕೆಲವೇ ನಿಮಿಷಗಳ ಕೆಲಸ. ಶೀರ್ಷಾಸನ ಮಾಡುವವರು, ಉಸಿರು ಕಟ್ಟಿ ಭಾರ ಎತ್ತುವವರು ಮೊದಲು ವೈದ್ಯರನ್ನು ಕೇಳಿಕೊಳ್ಳಿ.

ನಾನೀಗ ಬೋರಲು ಮಲಗಿ ಮೊಬೈಲ್ ನೋಡುವುದನ್ನು ಬಿಟ್ಟಿದ್ದೇನೆ, ಸಂಜೆ ನಡೆಯುತ್ತೇನೆ. ರಾತ್ರಿ ಒಂಬತ್ತಕ್ಕೆ ಮನೆಗೆ ಫೋನ್ ಮಾಡಿ ಮೊದಲು ಕೇಳುವುದು, 'ಅಪ್ಪಾ, ಡ್ರಾಪ್ಸ್ ಹಾಕ್ಕೊಂಡ್ರಾ?'