ಅರ್ಧ ಅಂಕದ ಆಚೆಗೆ

ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಂಕ ಗಳಿಸಿದ ಏಕೈಕ ಮಹಿಳೆ ಇಟಲಿಯ ಲೆಲ್ಲಾ ಲೊಂಬಾರ್ಡಿ. 1975ರ ಸ್ಪೇನ್ ಗ್ರ್ಯಾನ್ ಪ್ರಿಯಲ್ಲಿ ಅವರು ಆರನೇ ಸ್ಥಾನದಲ್ಲಿದ್ದಾಗ, ಹಲವರ ಜೀವ ತೆಗೆದ ಅಪಘಾತದಿಂದ ಸ್ಪರ್ಧೆ ನಡುವೆಯೇ ನಿಂತಿತು. ಸಿಗಬೇಕಿದ್ದ ಒಂದು ಅಂಕ ಅರ್ಧವಾಯಿತು. ಆ ಅರ್ಧ ಅಂಕವನ್ನೂ ಇಂದಿನವರೆಗೆ ಇನ್ನೊಬ್ಬ ಮಹಿಳೆ ಮುಟ್ಟಿಲ್ಲ. ಇದಕ್ಕೆ ಹೆಣ್ಣಿನ ದೇಹಬಲ ಸಾಲದಿರುವುದೇ ಕಾರಣವೆಂಬ ವಾದ ಒಪ್ಪತಕ್ಕದ್ದಲ್ಲ; ನಿಜವಾದ ತೊಡಕು ಬೇರೆ. ಎಳವೆಯಲ್ಲೇ ಪುಟ್ಟ ಕಾರುಗಳ ಕಾರ್ಟಿಂಗ್‌ನಿಂದ ಶುರುವಾಗುವ ಫಾರ್ಮುಲಾ ಒನ್‌ನ ಏಣಿಗೆ ಕಾಲಿಡುವ ಹುಡುಗಿಯರೇ ಕಡಿಮೆ. ಇಟ್ಟವರಿಗೂ ಮೇಲೆ ಹೋದಂತೆ ಪ್ರಾಯೋಜಕರು ಸಿಗುವುದು ಕಷ್ಟ. ಮಹಿಳೆಯರಿಗೆಂದೇ 2019ರಲ್ಲಿ ಆರಂಭವಾದ ಡಬ್ಲ್ಯೂ ಸೀರೀಸ್ ಎಂಬ ಕಾರ್ ರೇಸ್ ಸರಣಿ 2022ರಲ್ಲಿ ಹಣವಿಲ್ಲದೆ ನಿಂತುಹೋಯಿತು. 2023ರಲ್ಲಿ ಮಹಿಳೆಯರಿಗಾಗಿಯೇ ಎಫ್ ಒನ್ ಅಕಾಡೆಮಿ ಎಂಬ ಇನ್ನೊಂದು ಸರಣಿ ಬಂತು. ಅವಕಾಶ ಸಿಕ್ಕರೆ ಹೆಣ್ಣು ಗೆಲ್ಲಬಲ್ಲಳು ಎಂಬುದಕ್ಕೆ ನಮ್ಮಲ್ಲೇ ಉದಾಹರಣೆಯಿದೆ: ಬೈಕ್ ಸ್ಪರ್ಧೆಯಲ್ಲಿ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲೇ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದಿದ್ದಾರೆ.